ಕರುಸಿರಿ ಗೋಲ್ಡ್

ವಿದ್ಯಾಶ್ರೀ ಏಳು ವರ್ಷ ಧಾರವಾಡದಲ್ಲಿದ್ದು, ಇಲಿಮರಿಗಳ ಕರುಳನ್ನು ಅಭ್ಯಾಸ ಮಾಡಿ, ಡಾಕ್ಟರೇಟ್ ಪಡೆದು ಬೆಟಗೇರಿಗೆ ವಾಪಸಾದಾಗ ಅವಳನ್ನು ಎಲ್ಲರಿಗಿಂತ ಮೊದಲು ಕಾಣಲು ಬಂದವರು ಹಿಂದಿನ ಓಣಿಯ ನೇಕಾರ ಕುಬೇರಪ್ಪ. ಅವರ ಕೈಯಲ್ಲಿ ಇಲಿ ಕಡಿದು ತುಂಡು ಮಾಡಿದ್ದ ನೂಲಿನ ಲಡಿಯೊಂದಿತ್ತು.

“ತಂಗೀ, ನೀ ಇಲಿ ಡಾಕ್ಟರ್ ಆಗಿ ಬಂದೀ ಅಂತ ನಿಮ್ಮವ್ವ ಹೇಳಿದ್ಲು. ಪ್ಯಾಟ್ಯಾಗಿನ ಪಾಷಾಣ ತಿಂದು ಇವು ಇನ್ನಷ್ಟು ಮೈ ಹಿಡದಾವ. ಏನರ ಜಾಲಿಮ್ ಔಷಧ ಇದ್ರ ಕೊಡವಾ.”

ತಾನು ಇಲಿ ಕೊಲ್ಲುವ ವಿದ್ಯೆ ಕಲಿತಿಲ್ಲ ಎಂದಳು ವಿದ್ಯಾಶ್ರೀ. ಅದು ಪೂರ್ತಿ ನಿಜವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳು ನೂರಾರು ಇಲಿಮರಿಗಳನ್ನು ಕೊಯ್ದಿದ್ದಳು. ಆದರೆ ಅದನ್ನು ಹೇಳಿದರೆ ಕುಬೇರಪ್ಪ ಅವಳನ್ನು ನೇರವಾಗಿ ತಮ್ಮ ಮಗ್ಗದ ಮನೆಗೆ ಕರೆದೊಯ್ಯುವವರಿದ್ದರು.

ತಾಯಿ ಬನಶಂಕರೆವ್ವನಿಗೆ ಮಗಳ ಪ್ರಬಂಧದ ಹೆಸರು ಬಾಯಿಪಾಠವಾಗಿತ್ತು. ಅದನ್ನು ಹಾಳೆಯ ಮೇಲೆ ಬರೆಸಿಕೊಂಡು ಮಗ್ಗದ ಕಂಬಕ್ಕೆ ಅಂಟಿಸಿಕೊಂಡಿದ್ದಳು. ಬಂದವರ ಮುಂದೆಲ್ಲ ಒಂದೇ ಉಸಿರಿನಲ್ಲಿ, “ಬೆಳೆಯುತ್ತಿರುವ ಕರುಳಿನಲ್ಲಿ ಅಯಾನು ಸಾಗಿಸುವ ಜೀನುಗಳ ಮೇಲೆ ಹಾರ್ಮೋನುಗಳ ನಿಯಂತ್ರಣ” ಎಂದು ಹೇಳಿ, ದಮ್ಮು ಕಟ್ಟಿ ನಗುತ್ತಿದ್ದಳು. ಕೇಳಿದವರು ಗೌರವದಿಂದ ತಲೆದೂಗಿ, “ಲಗ್ನ ಯಾವಾಗ?” ಎನ್ನುತ್ತಿದ್ದರು.

ಗದಗಿನ ಒಂದು ಕಾಲೇಜಿನಲ್ಲಿ ವಿದ್ಯಾಶ್ರೀಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ತನ್ನ ಸಂಶೋಧನೆಯ ಬಗ್ಗೆ ವಿಭಾಗದ ಮುಖ್ಯಸ್ಥರಿಗೆ ಹೇಳಲು ಹೋದಾಗ ಅವರು ಎರಡು ಮಾತು ಕೇಳಿ, “ಅದು ಸಿಲೆಬಸ್‌ನಾಗ ಐತೇನ್ರಿ?” ಎಂದರು. ಇಲ್ಲ ಎಂದಳು. “ಹಂಗಾರ ಆತು ಬಿಡ್ರಿ” ಎಂದು ಅವರು ಹಾಜರಿ ಪುಸ್ತಕದ ಕಡೆ ತಿರುಗಿದರು.

ಹೀಗಿರುವಾಗ ಒಂದು ಭಾನುವಾರ ಬನಶಂಕರೆವ್ವನ ತಮ್ಮ ಸುನಿಲಕುಮಾರ ಮುಂಡರಗಿಯಿಂದ ಊಟಕ್ಕೆ ಬಂದ. ಸುನಿಲಕುಮಾರ ಒಂದು ಉದ್ಯೋಗದಲ್ಲಿ ಎರಡು ವರ್ಷ ನಿಂತ ಮನುಷ್ಯನಲ್ಲ. ನೀರು ಶುದ್ಧ ಮಾಡುವ ಯಂತ್ರ ಮಾರಿದ್ದ, ಸೊಂಟನೋವಿನ ಬೆಲ್ಟು ಮಾರಿದ್ದ. ಈಗ ಮುಂಡರಗಿಯಲ್ಲಿ ದನಗಳ ಹಿಂಡಿ, ಬೂಸಾ, ಟಾನಿಕ್ಕಿನ ಅಂಗಡಿ ಇಟ್ಟಿದ್ದ. ಮಾತಿನಲ್ಲಿ ಜೇನು, ಮನಸ್ಸಿನಲ್ಲೂ ಕೆಟ್ಟವನಲ್ಲ. ತಾನು ಮಾರುವುದನ್ನೆಲ್ಲ ಮೊದಲು ತಾನೇ ನಂಬಿಬಿಡುತ್ತಿದ್ದ, ಅದೇ ತೊಂದರೆ.

ರೊಟ್ಟಿ ಮುರಿಯುತ್ತ ಅವನು ಕೇಳಿದ: “ಅಲ್ಲವಾ ವಿದ್ಯಾ, ಏಳು ವರ್ಷ ಆ ಇಲಿ ಹೊಟ್ಯಾಗ ಏನ್ ಹುಡಿಕಿದಿ? ನನಗ ತಿಳಿಯೂ ಹಂಗ ಹೇಳು.”

ಹಾಗೆ ಯಾರೂ ಕೇಳಿರಲಿಲ್ಲ. ವಿದ್ಯಾಶ್ರೀ ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಚಿತ್ರ ಬರೆದಳು.

“ಹುಟ್ಟಿದ ಮರಿ ಕರಳು ಹಾಲಿಗಷ್ಟ ತಯಾರಾಗಿರ್ತೈತಿ ಮಾಮಾ. ಕರಳಿನ ಗ್ವಾಡಿ ತುಂಬ ಸಣ್ಣ ಸಣ್ಣ ಬಾಗ್ಲಾ ಇರ್ತಾವ. ಉಪ್ಪಿಗೊಂದು, ಸಕ್ಕರಿಗೊಂದು. ಒಂದೊಂದು ಬಾಗ್ಲಾ ಮಾಡಾಕ ಒಂದೊಂದು ಜೀನ್ ಐತಿ. ಮರಿ ಹಾಲು ಬಿಟ್ಟು ಕಾಳುಕಡಿ ತಿನ್ನೂ ಹೊತ್ತಿಗೆ ಅದರ ಮೈಯಾಗ ಹಾರ್ಮೋನ್ ಏರತೈತಿ. ಅದು ಹೋಗಿ ಜೀನಿಗೆ, ಏಳು, ಬಾಗ್ಲಾ ಮಾಡು ಅಂತ ಹುಕುಂ ಕೊಡತೈತಿ.”

“ಹುಕುಂ ಬರೂದ್ರಾಗ ಕಾಳು ತಿನಿಸಿದ್ರ?”

“ಒಳಗ ಹೋಗಾಕ ಬಾಗ್ಲಾ ಇಲ್ಲ. ಕರಳಿನ್ಯಾಗ ಕುಂತು ನೀರು ಎಳಕೋತೈತಿ. ಜುಲಾಬ ಹತ್ತತೈತಿ.”

“ಹುಕುಂ ನಾವ ಕೊಟ್ರ?”

ವಿದ್ಯಾಶ್ರೀಯ ಮುಖ ಅರಳಿತು. ಅವಳ ಪ್ರಬಂಧದ ಮೂರನೆಯ ಅಧ್ಯಾಯ ಅದೇ ಪ್ರಶ್ನೆಯಾಗಿತ್ತು. “ಕೊಟ್ಟು ನೋಡೀನಿ ಮಾಮಾ! ಹತ್ತು ದಿನದ ಮರಿಗೆ ಹಾರ್ಮೋನ್ ಚುಚ್ಚಿದೆ. ವ್ಯಾಳ್ಯಾಕ್ಕಿಂತ ಮೊದ್ಲ ಬಾಗ್ಲಾ ಬಂದ್ವು.”

“ಎಮ್ಮಿಕರಕ್ಕೂ ಹಿಂಗ ಏನು?”

“ಹಾಲು ಕುಡಿಯೂ ಮರಿಗೋಳ್ದೆಲ್ಲ ಹೆಚ್ಚುಕಡಿಮಿ ಹಿಂಗ. ದಿನ ಬ್ಯಾರೆಬ್ಯಾರೆ. ಆದ್ರ ಚುಚ್ಚಿದ ಮರಿ ಸರಿ ಬೆಳೀಲಿಲ್ಲ ಮಾಮಾ, ಅರ್ಧಕ್ಕರ್ಧ...”

ಅಷ್ಟರಲ್ಲಿ ಸುನಿಲಕುಮಾರ ಕೈ ತೊಳೆಯಲು ಎದ್ದಿದ್ದ. ಹೋಗುವಾಗ ಲಗ್ನಪತ್ರಿಕೆಯನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ತನ್ನ ಚಿತ್ರವನ್ನು ಒಬ್ಬರು ಆಸ್ಥೆಯಿಂದ ಒಯ್ದರಲ್ಲ ಎಂದು ವಿದ್ಯಾಶ್ರೀಗೆ ಆ ದಿನವೆಲ್ಲ ಖುಷಿಯೋ ಖುಷಿ.

ಎರಡು ತಿಂಗಳು ಕಳೆದವು. ಒಂದು ಶನಿವಾರ ಬೆಳಗಿನ ಪ್ರಾಕ್ಟಿಕಲ್ ಮುಗಿದ ಮೇಲೆ ಐಶ್ವರ್ಯಾ ಎಂಬ ವಿದ್ಯಾರ್ಥಿನಿ ಹಿಂದೆ ಉಳಿದಳು. ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯ ಹುಡುಗಿ. ಬ್ಯಾಗಿನಿಂದ ಹೊಳೆಯುವ ಖಾಲಿ ಪ್ಯಾಕೆಟ್ಟೊಂದನ್ನು ತೆಗೆದಳು.

“ಮೇಡಂ, ನಮ್ಮ ಕರಕ್ಕ ನಿನ್ನೆಯಿಂದ ಜುಲಾಬ ಹತ್ತೈತ್ರಿ. ಪುಡಿ ಹೆಚ್ಚು ಮಾಡೂದೋ ಕಡಿಮಿ ಮಾಡೂದೋ ನಿಮ್ಮನ್ನ ಕೇಳ್ಕೊಂಡು ಬಾ ಅಂದಾರ್ರಿ ನಮ್ಮಪ್ಪ.”

“ಯಾವ ಪುಡಿ? ನನಗ್ಯಾಕ ಕೇಳ್ತಾರ?”

ಐಶ್ವರ್ಯಾ ಪ್ಯಾಕೆಟ್ ತಿರುಗಿಸಿ ತೋರಿಸಿದಳು. ಮೇಲೆ ‘ಕರುಸಿರಿ ಗೋಲ್ಡ್’ ಎಂದಿತ್ತು. ಕೆಳಗೆ ವಿದ್ಯಾಶ್ರೀಯ ಫೋಟೋ. ಬಿಳಿ ಕೋಟು ಹಾಕಿಕೊಂಡು, ಅಂಗೈ ಮೇಲೆ ಇಲಿಮರಿ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ತೆಗೆಸಿಕೊಂಡಿದ್ದ ಫೋಟೋ ಅದು. ತಾಯಿಗೆ ಎಂದೋ ಕಳಿಸಿದ್ದಳು. ಪ್ಯಾಕೆಟ್ ಮಾಡಿದವರು ಇಲಿಮರಿಯನ್ನು ತೆಗೆದು ಅಲ್ಲಿ ಎಮ್ಮೆಕರುವನ್ನು ಕೂರಿಸಿದ್ದರು. ಹೆಬ್ಬೆರಳಿನಷ್ಟು ಎಮ್ಮೆಕರು ವಿದ್ಯಾಶ್ರೀಯ ಅಂಗೈ ಮೇಲೆ ನಿಂತು ಗ್ರಾಹಕರನ್ನು ನೋಡುತ್ತಿತ್ತು. ‘ಹದಿನೈದೇ ದಿನಕ್ಕೆ ಹಾಲು ಬಿಡಿಸಿ! ಹಾಲು ಡೇರಿಗೆ, ಪುಡಿ ಕರುವಿಗೆ. ಕರುಳಿನ ಬಾಗಿಲು ತೆರೆಯುವ ಏಕೈಕ ಪುಡಿ. ಡಾ. ವಿದ್ಯಾಶ್ರೀ ಅವರ ಏಳು ವರ್ಷಗಳ ಸಂಶೋಧನೆ.’

ವಿದ್ಯಾಶ್ರೀ ಕಾರಿಡಾರಿಗೆ ಹೋಗಿ ಮಾವನಿಗೆ ಫೋನು ಹಚ್ಚಿದಳು.

“ಮಾಮಾ, ಕರಕ್ಕ ಹಾರ್ಮೋನ್ ಹಾಕಾಕತ್ತೀಯೇನು?”

“ಏ ಹುಚ್ಚಿ, ಹಾರ್ಮೋನ್ ನನಗೆಲ್ಲಿ ಸಿಗಬೇಕು? ಎಲ್ಲಾ ಮನ್ಯಾಗಿಂದ. ಗೋಂಜಾಳ ಹಿಟ್ಟು, ಪುಠಾಣಿ ಹಿಟ್ಟು, ಸಕ್ಕರಿ, ಚೂರು ಉಪ್ಪು, ಯಾಲಕ್ಕಿ.”

“ಯಾಲಕ್ಕಿ ಯಾಕ?”

“ಅದು ಕರಕ್ಕಲ್ಲ, ಕೊಂಡವರಿಗೆ. ವಾಸನಿ ಬಂದ್ರ ಭಾರಿ ಮಾಲು ಅಂತಾರ.”

“ಹದಿನೈದು ದಿನದ ಕರದ ಕರಳಿಗೆ ಹಿಟ್ಟೂ ಹತ್ತಂಗಿಲ್ಲ, ಸಕ್ಕರೀನೂ ಹತ್ತಂಗಿಲ್ಲ. ಬಾಗ್ಲಾ ಇನ್ನಾ ಬಂದಿರಂಗಿಲ್ಲ ಅಂತ ಚಿತ್ರಾ ತಗದು ಹೇಳಿದ್ನಲ್ಲ!”

“ಅದಕ್ಕ ನಿನ್ನ ಹೆಸರು ಹಾಕೀನಿ. ನಿನಗ ಹೆಸರು ಬ್ಯಾಡೇನು? ಏಳು ವರ್ಷ ದುಡದು ಮೂಲ್ಯಾಗ ಕುಂತಿದ್ದಿ. ಈಗ ನೋಡು, ಶಿರಹಟ್ಟಿಯಿಂದ ಡಂಬಳದ ತನಾ ನಿನ್ನ ಮಾರಿ ಗೊತ್ತಿಲ್ಲದವರಿಲ್ಲ.”

ವಿದ್ಯಾಶ್ರೀ ಫೋನು ಇಟ್ಟು ಐಶ್ವರ್ಯಾಳೊಂದಿಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಅಲ್ಲಿ ಔಷಧದ ಅಂಗಡಿಯಲ್ಲಿ ಗ್ಲೂಕೋಸ್ ಡಬ್ಬಿ ಕೊಂಡು, ಟಂಟಂ ಆಟೋದಲ್ಲಿ ಅಡರಕಟ್ಟಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ.

ಐಶ್ವರ್ಯಾಳ ತಂದೆ ಸಕ್ರಪ್ಪ ಮತ್ತು ತಾಯಿ ಕಳಕವ್ವ ಹಿತ್ತಲಲ್ಲೇ ಇದ್ದರು. ಎಮ್ಮೆಯನ್ನು ಈ ಕಡೆ ಕಟ್ಟಿದ್ದರು, ಕರುವನ್ನು ಗೋಡೆಯ ಆ ಕಡೆ. ಎಮ್ಮೆ ಗೋಡೆಗೆ ಮುಖ ಮಾಡಿ ಒದರುತ್ತಿತ್ತು. ಕರುವಿಗೆ ಒದರುವ ತ್ರಾಣ ಇರಲಿಲ್ಲ. ಹೊಟ್ಟೆ ಒಳಗೆ ಹೋಗಿ, ಕಣ್ಣು ಗುಳಿ ಬಿದ್ದು, ಹಿಂಗಾಲಿಗೆಲ್ಲ ಮೆತ್ತಿಕೊಂಡು ಗೋಣಿಚೀಲದ ಮೇಲೆ ಮಲಗಿತ್ತು.

ಕಳಕವ್ವ ಪ್ಯಾಕೆಟ್ಟನ್ನೂ ವಿದ್ಯಾಶ್ರೀಯನ್ನೂ ಒಂದರ ನಂತರ ಒಂದರಂತೆ ನೋಡಿದಳು. “ಹೌದು, ಆಕೀನ. ಫೋಟೋದಾಗ ಚೂರು ಮೈ ಕೈ ತುಂಬ್ಕೊಂಡಾರ. ಬರ್ರಿ ಬಾಯಾರ, ಕುಂಡ್ರಿ.”

“ಯವ್ವಾ, ಮೊದ್ಲ ಆ ಪುಡಿ ಬಂದ್ ಮಾಡ್ರಿ. ಕರಾ ಎಮ್ಮಿಗೆ ಬಿಡ್ರಿ.”

ಸಕ್ರಪ್ಪನಿಗೆ ಇದು ಸರಿ ಬರಲಿಲ್ಲ. “ಬಾಯಾರ, ಇಲ್ಲಿ ನಿಮ್ಮ ಫೋಟೋ ಹಾಲು ಬಿಡಸ್ರಿ ಅಂತೈತಿ. ನೀವು ಕುಡಸ್ರಿ ಅಂತೀರಿ. ನಾವು ಯಾರ ಮಾತು ಕೇಳೂನ್ರಿ?”

“ನನ್ನ ಮಾತ ಕೇಳ್ರಿ. ಫೋಟೋ ಮಾತಾಡಂಗಿಲ್ಲ.”

“ಅಚ್ಚು ಹಾಕ್ಸ್ಯಾರಲ್ರಿ” ಎಂದ ಸಕ್ರಪ್ಪ. “ಬಾಜೂ ಮನಿ ಚನ್ನಬಸವಣ್ಣನ ಕರಾ ಸೋಮವಾರ ಸತ್ತೋತು. ಅವ ಅರ್ಧ ಚಮಚಾ ಹಾಕ್ತಿದ್ನಂತ. ನಾ ಎರಡು ಹಾಕೀನಿ, ಅದಕ್ಕ ಇನ್ನಾ ಜೀವ ಹಿಡಕೊಂಡೈತಿ.”

ಸತ್ತ ಕರುವಿನ ಸುದ್ದಿ ಕೇಳಿ ವಿದ್ಯಾಶ್ರೀ ಗೋಣಿಚೀಲದ ಪಕ್ಕ ಕುಳಿತು ಕರುವಿನ ಕಣ್ಣರೆಪ್ಪೆ ಎತ್ತಿ ನೋಡಿದಳು. ವಾದ ಮಾಡುವ ಹೊತ್ತಲ್ಲ ಎಂದುಕೊಂಡು ನೀರು ಕಾಯಿಸಲು ಹೇಳಿದಳು. ಆರಿದ ನೀರಿಗೆ ಉಪ್ಪು, ಗ್ಲೂಕೋಸ್ ಅಳತೆ ಮಾಡಿ ಹಾಕಿದಳು. ಕಳಕವ್ವ ಒಳಗಿನಿಂದ ಬೆಲ್ಲದ ಹೆಂಟೆ ತಂದಳು.

“ಬೆಲ್ಲ ಬ್ಯಾಡ್ರಿ ಯವ್ವಾ. ಬೆಲ್ಲ ಒಡಿಯೂ ಶಕ್ತಿ ಇದರ ಕರಳಿಗೆ ಇನ್ನಾ ಬಂದಿಲ್ಲ. ಗ್ಲೂಕೋಸಿಗೆ ಹುಟ್ಟಿದಾಗಿಂದ ಬಾಗ್ಲಾ ಐತಿ, ಸೀದಾ ಒಳಗ ಹೋಗತೈತಿ. ಹೋಗೂಮುಂದ ಉಪ್ಪನ್ನ ಕೈ ಹಿಡಕೊಂಡು ಹೋಗತೈತಿ. ಉಪ್ಪಿನ ಹಿಂದ ನೀರು ಹೋಗತೈತಿ.”

“ಬೀಗರು ಬಂದಂಗ ಒಬ್ಬರ ಹಿಂದ ಒಬ್ಬರು” ಎಂದಳು ಕಳಕವ್ವ. ಏಳು ವರ್ಷದಲ್ಲಿ ಯಾವ ಪ್ರಾಧ್ಯಾಪಕರೂ ವಿದ್ಯಾಶ್ರೀಯ ವಿಷಯವನ್ನು ಇಷ್ಟು ಬೇಗ ತಿಳಿದುಕೊಂಡಿರಲಿಲ್ಲ.

ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಿದ್ಯಾಶ್ರೀ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಸಿದಳು. ಸೀರೆ ಪೂರ್ತಿ ಹೊಲಸಾಯಿತು. ನಡುನಡುವೆ ಎಮ್ಮೆಯ ಕೆಚ್ಚಲಿಗೆ ಹಿಡಿದಳು. ಮೊದಲು ಕರು ಬಾಯಿ ತೆರೆಯಲಿಲ್ಲ. ಮೂರು ಗಂಟೆಯ ಹೊತ್ತಿಗೆ ಬಾಟಲಿಯನ್ನು ತಾನಾಗಿಯೇ ಚೀಪತೊಡಗಿತು. ಐದಕ್ಕೆ ಮುಂಗಾಲು ಊರಿ, ಒಮ್ಮೆ ಬಿದ್ದು, ಮತ್ತೆ ಎದ್ದು ನಿಂತು ತಾಯಿಯ ಕೆಚ್ಚಲಿಗೆ ಗುದ್ದಿತು. ಎಮ್ಮೆ ಒದರುವುದನ್ನು ನಿಲ್ಲಿಸಿ ಕರುವಿನ ಬೆನ್ನು ನೆಕ್ಕಿತು. ವಿದ್ಯಾಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಇದುವರೆಗೆ ಕರುಳನ್ನು ಕತ್ತರಿಸಿ ನೋಡಿದ್ದಳೇ ಹೊರತು, ಒಂದು ಕರುಳು ಸುಧಾರಿಸುವುದನ್ನು ಹತ್ತಿರ ಕುಳಿತು ನೋಡಿರಲಿಲ್ಲ.

ಸಕ್ರಪ್ಪ ಕೈ ಮುಗಿದ. ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೆ ಅವನು ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು: “ಪುಡಿ ಒಳ್ಳೇದ ಐತಿ. ಡಾಕ್ಟರ್ ಬಾಯಾರು ಖುದ್ದ ಬಂದು ಕೈ ಹಚ್ಚಿದ್ರು, ಝಟ್ಟನ ಹತ್ತಿತು ನೋಡ್ರಿ.”

ಮರುದಿನ ಅಡರಕಟ್ಟಿಯ ಅಂಗಡಿಯಲ್ಲಿ ಕರುಸಿರಿ ಗೋಲ್ಡ್ ಒಂದು ಪ್ಯಾಕೆಟ್ಟೂ ಉಳಿಯಲಿಲ್ಲ.

ವಿದ್ಯಾಶ್ರೀ ದೂರು ಬರೆದುಕೊಂಡು ಪಶುಸಂಗೋಪನೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ದೂರನ್ನು ಓದಿ, ಪ್ಯಾಕೆಟ್ಟನ್ನು ನೋಡಿ, ಅವಳ ಮುಖವನ್ನು ನೋಡಿದರು.

“ಮೇಡಂ, ಪ್ಯಾಕೀಟಿನ ಮ್ಯಾಲ ನಿಮ್ಮದೊಂದ ಫೋಟೋ ಐತಿ. ನಿಮ್ಮ ಮ್ಯಾಲ ನೀವ ದೂರು ಕೊಟ್ಟಂಗಾಗತೈತ್ರಿ. ಕರಾ ಕಳಕೊಂಡವರು ಸಹಿ ಮಾಡ್ಲಿ, ವಿಚಾರ ಮಾಡೂಣು.”

ಚನ್ನಬಸವಣ್ಣ ಸಹಿ ಮಾಡಲಿಲ್ಲ. ಅರ್ಧ ಚಮಚ ಹಾಕಿದ್ದು ಊರಿಗೆಲ್ಲ ಗೊತ್ತಾಗಿ ಅವನು ಮೊದಲೇ ನಾಚಿಕೊಂಡಿದ್ದ.

ಆ ವಾರವೇ ಲಕ್ಷ್ಮೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ ಸುನಿಲಕುಮಾರ ‘ಕರು ಸಮೃದ್ಧಿ ಸಮಾವೇಶ’ ಇಟ್ಟುಕೊಂಡಿದ್ದ. ಸೋದರಸೊಸೆಗೆ ಸನ್ಮಾನ ಎಂದು ಅವಳನ್ನು ಕೇಳದೆಯೇ ಬ್ಯಾನರು ಕಟ್ಟಿಸಿದ್ದ. ಸಭೆಯಲ್ಲೇ ನಿಜ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿ ವಿದ್ಯಾಶ್ರೀ ಹೋದಳು. ಐದುನೂರು ರೈತರು ಸೇರಿದ್ದರು, ಊಟದ ವ್ಯವಸ್ಥೆ ಇತ್ತು.

ಪರಿಚಯ ಮಾಡಿಕೊಟ್ಟ ನಿವೃತ್ತ ಮಾಸ್ತರರು ‘ಅಯಾನು’ ಎಂಬ ಪದದ ಮುಂದೆ ಸ್ವಲ್ಪ ಹೊತ್ತು ನಿಂತು, ಅದನ್ನು ಇಂಗ್ಲಿಷಿನ ‘ಐರನ್’, ಅಂದರೆ ಕಬ್ಬಿಣ ಎಂದು ತಿಳಿದುಕೊಂಡು, “ಕರುಳಿನಲ್ಲಿ ಕಬ್ಬಿಣ ಸಾಗಿಸಿದ ನಮ್ಮ ಹೆಮ್ಮೆಯ ಪುತ್ರಿ” ಎಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಕೆಳಗಿಟ್ಟು ವಿದ್ಯಾಶ್ರೀ ಮೈಕು ಹಿಡಿದಳು.

“ಈ ಪುಡಿಯಾಗ ಹಿಟ್ಟು, ಸಕ್ಕರಿ ಬಿಟ್ಟು ಏನೂ ಇಲ್ರಿ. ಸಣ್ಣ ಕರಕ್ಕ ಇದು ವಿಷ ಆಗತೈತಿ. ಮೂರು ತಿಂಗಳು ತಾಯಿ ಹಾಲ ಬೇಕು. ನನ್ನ ಕೇಳದ ನನ್ನ ಫೋಟೋ ಹಾಕ್ಯಾರ.”

ವೇದಿಕೆಯ ಮೇಲೆ ಸುನಿಲಕುಮಾರನ ಮುಖ ಬಿಳುಚಿತು. ಆಗ ಹಿಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ನಿಂತರು.

“ಹಂಗಾರ ಪುಡಿ ಹಾಲಿಗಿಂತ ಮೊದ್ಲ ಹಾಕೂದೋ, ಹಾಲು ಕುಡದ ಮ್ಯಾಲ ಹಾಕೂದೋ?”

“ಹಾಕೂದ ಬ್ಯಾಡ್ರಿ ಅಜ್ಜಾರ!”

“ಆತು, ಮ್ಯಾಲ ಹಾಕ್ತೀವಿ ಬಿಡ್ರಿ” ಎಂದು ಮುದುಕರು ಸಮಾಧಾನದಿಂದ ಕುಳಿತರು. ಪಕ್ಕದವರು, “ಎಷ್ಟ್ ಸಾದಾ ಮನುಷ್ಯಾಳು, ತಾನ ಮಾಡಿದ್ದನ್ನ ತಾನ ಹೊಗಳಿಕೊಳ್ಳಂಗಿಲ್ಲ” ಎಂದರು. ಮತ್ತೆ ಚಪ್ಪಾಳೆ ಬಿತ್ತು. ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ‘ಹಾಲಿನ ಜೊತೆಗೇ ಪುಡಿ ನೀಡಿ: ವಿಜ್ಞಾನಿ ಕರೆ’ ಎಂದು ಎರಡು ಕಾಲಮ್ಮಿನ ಸುದ್ದಿ ಬಂತು.

ಸಮಾವೇಶ ಮುಗಿಸಿ ಮಾವ, ಸೊಸೆ ಇಬ್ಬರೂ ಬೆಟಗೇರಿಯ ಮನೆಗೆ ಬಂದರು. ಬನಶಂಕರೆವ್ವ ಕುಣಿಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತು ಸೀರೆಯ ಅಂಚು ನೇಯುತ್ತಿದ್ದಳು. ಒಂದು ಕರುಸಿರಿ ಪ್ಯಾಕೆಟ್ಟನ್ನು ಜಗಲಿಯ ಮೇಲೆ ದೇವರ ಫೋಟೋಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು.

“ಅಕ್ಕಾ, ನಿನ್ನ ಮಗಳು ಐದುನೂರು ಮಂದ್ಯಾಗ ನನ್ನ ಮರ್ಯಾದಿ ತಗದ್ಲು” ಎಂದ ಸುನಿಲಕುಮಾರ.

“ಅಡರಕಟ್ಟ್ಯಾಗ ಒಂದು ಕರಾ ಸತ್ತೈತಬೇ” ಎಂದಳು ವಿದ್ಯಾಶ್ರೀ. “ಆ ಪುಡಿ ತಿಂದು.”

ಲಾಳಿ ನಿಂತಿತು. ಬನಶಂಕರೆವ್ವ ಕುಣಿಯಿಂದ ಮೇಲೆದ್ದು ಬಂದು ತಮ್ಮನ ಎದುರು ನಿಂತಳು.

“ಖರೇನೇನೋ ಸುನ್ಯಾ?”

“ಒಂದ ಅಕ್ಕಾ... ಎರಡು ಇರಬಹುದು. ಹಂಗೂ ಕರಾ ಸಾಯ್ತಿರ್ತಾವ.”

“ನಾ ನೇದ ಸೀರಿಯಾಗ ಒಂದು ಎಳಿ ತಪ್ಪಿದ್ರ ಬಿಚ್ಚಿ ಮತ್ತ ನೇಯ್ತೀನಿ. ಕೊಂಡಾಕಿಗೆ ಗೊತ್ತಾಗದಿದ್ರೂ ಬಿಚ್ಚತೀನಿ. ನನ್ನ ಮಗಳ ಮಾರಿ ಹಚ್ಚಿ ಹಾಲು ಕುಡಿಯೂ ಕೂಸಿನ ಬಾಯಿಗೆ ಹಿಟ್ಟು ಹಾಕಿದಿ. ಕರಾ ಆದ್ರೇನು, ತಾಯಿ ಇರಲಿಲ್ಲೇನು ಅದಕ್ಕ?”

ಜಗಲಿಯ ಮೇಲಿನ ಪ್ಯಾಕೆಟ್ಟನ್ನು ತೆಗೆದು ಒಲೆಗೆ ಹಾಕಿದಳು. ಯಾಲಕ್ಕಿಯ ವಾಸನೆ ಮನೆಯನ್ನೆಲ್ಲ ತುಂಬಿತು. ಸುನಿಲಕುಮಾರ ಅಲ್ಲೇ ಕುಸಿದು ಕುಳಿತ. ಸೊಂಟದ ಬೆಲ್ಟು ಯಾರನ್ನೂ ಕೊಂದಿರಲಿಲ್ಲ. ಅವನ ವ್ಯಾಪಾರದಲ್ಲಿ ಇಂಥದ್ದು ಇದೇ ಮೊದಲು.

“ನಾ ಏನ್ ಮಾಡ್ಲಿ ಹೇಳವಾ” ಎಂದ, ತಲೆ ಎತ್ತದೆ.

ಮಾರುಕಟ್ಟೆಯಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲ ವಾಪಸು ತರಬೇಕು, ಹಿಟ್ಟು ಸಕ್ಕರೆ ಮುಟ್ಟಬಾರದು ಎಂದಳು ವಿದ್ಯಾಶ್ರೀ. ಮಾರಲೇಬೇಕಾದರೆ ಗ್ಲೂಕೋಸ್ ಮತ್ತು ಲವಣ ಮಾತ್ರ, ಅದೂ ಜುಲಾಬ ಹತ್ತಿದಾಗ ಕೊಡಲು. ‘ಮೂರು ತಿಂಗಳು ತಾಯಿಯ ಹಾಲು ಬಿಡಿಸಬೇಡಿ’ ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕು. ಸುನಿಲಕುಮಾರ ಎಲ್ಲದಕ್ಕೂ ಹೂಂ ಎಂದ.

“ನನ್ನ ಫೋಟೋನೂ ತಗೀಬೇಕು.”

ಅವನು ಅಲ್ಲಿ ತಡೆದ. “ತಗೀತೀನಿ. ಆದ್ರ ಒಂದ ಮಾತು, ಸಿಟ್ಟಾಗಬ್ಯಾಡ. ಮಂಟಪದಾಗ ನೀನ ಎದುರು ನಿಂತು ಹೇಳಿದಿ, ಯಾರರ ಕೇಳಿದ್ರೇನು? ಅವರು ಪ್ಯಾಕೀಟಿನ ಮಾತು ಕೇಳ್ತಾರ. ಫೋಟೋ ತಗದ್ರ, ಹಾಲು ಬಿಡಸಬ್ಯಾಡ್ರಿ ಅನ್ನೂದನ್ನ ಯಾರು ಓದ್ತಾರ?”

ವಿದ್ಯಾಶ್ರೀ ಎರಡು ದಿನ ಅದೇ ವಿಚಾರ ಮಾಡಿದಳು. ಅವಳ ಸಂಶೋಧನೆ ವಿದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಓದಿದವರು ಇಡೀ ಜಗತ್ತಿನಲ್ಲಿ ನಲವತ್ತು ಜನ ಎಂದು ಕಂಪ್ಯೂಟರು ತೋರಿಸುತ್ತಿತ್ತು, ಅದರಲ್ಲಿ ಹನ್ನೆರಡು ಜನ ಅವಳೇ. ಮೂರನೆಯ ದಿನ ಮಾವನಿಗೆ ಫೋನು ಮಾಡಿ, “ಫೋಟೋ ಇರಲಿ. ಆದ್ರ ಕೈಮ್ಯಾಲಿನ ಕರಾ ತಗಿ” ಎಂದಳು.

ಹೊಸ ಪ್ಯಾಕೆಟ್ಟು ಬಂದು ನಾಲ್ಕು ತಿಂಗಳಾದ ಮೇಲೆ ಐಶ್ವರ್ಯಾಳ ಜೊತೆ ಅವಳು ಮತ್ತೊಮ್ಮೆ ಅಡರಕಟ್ಟಿಗೆ ಹೋದಳು. ಆ ಕರು ಬೆಳೆದು ಹಿತ್ತಲ ಬೇಲಿಯ ಎಲೆ ಹರಿಯುತ್ತಿತ್ತು. ಚನ್ನಬಸವಣ್ಣನ ಮನೆಯಲ್ಲಿ ಇನ್ನೊಂದು ಎಮ್ಮೆ ಈದು, ಅದರ ಕರು ತಾಯಿಯ ಹತ್ತಿರವೇ ಇತ್ತು.

“ಊರಾಗ ಈಗ ಯಾರೂ ಜಲ್ದಿ ಹಾಲು ಬಿಡಸಂಗಿಲ್ರಿ ಬಾಯಾರ” ಎಂದ ಸಕ್ರಪ್ಪ. “ಪ್ಯಾಕೀಟ ಬ್ಯಾಡ ಅಂದೈತಿ.”

“ನಾನೂ ಅದನ್ನ ಅಂದಿದ್ನಲ್ರಿ, ಇದ ಹಿತ್ತಲದಾಗ.”

“ನೀವು ಬಾಯಿಲೆ ಅಂದಿದ್ರಿ” ಎಂದ ಸಕ್ರಪ್ಪ, ತಪ್ಪು ಯಾರದೂ ಅಲ್ಲ ಎಂಬಂತೆ.

ಕಳಕವ್ವ ಚಹಾ ತಂದು ಕೊಟ್ಟು ಹತ್ತಿರ ಕುಳಿತಳು. ಅವಳ ಹಿರಿಯ ಮಗಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಮಗಳಿಗೆ ಮೂರು ತಿಂಗಳ ಕೂಸು. ಅತ್ತೆ ಆ ಕೂಸಿಗೆ ಈಗಲೇ ಚಹಾದಲ್ಲಿ ಬಿಸ್ಕೀಟು ಅದ್ದಿ ನೆಕ್ಕಿಸುತ್ತಾಳಂತೆ. ಎರಡು ಸಲ ಜುಲಾಬ ಹತ್ತಿ ದವಾಖಾನೆಗೆ ಒಯ್ದದ್ದಾಗಿದೆ.

“ಕೂಸಿನ ಕರಳಿಗೂ ಬಾಗ್ಲಾ ಬರೂದು ತಡ ಏನ್ರಿ?” ಎಂದು ಕೇಳಿದಳು.

“ಹೌದ್ರಿ ಯವ್ವಾ. ಆರು ತಿಂಗಳ ತನಾ ತಾಯಿ ಹಾಲ ಸಾಕು. ನೀರೂ ಬ್ಯಾಡ. ಬೀಗತಿಗೆ ಹೇಳ್ರಿ.”

“ನಾ ಹೇಳಿದ್ರ ಕೇಳ್ತಾಳೇನ್ರಿ ಆಕಿ? ನೀವು ಒಂದು ಬರದು ಕೊಡ್ರಿ.”

ವಿದ್ಯಾಶ್ರೀ ಐಶ್ವರ್ಯಾಳ ನೋಟುಬುಕ್ಕಿನಿಂದ ಹಾಳೆ ಹರಿದು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಳು. ಕಳಕವ್ವ ಓದಲು ಬಾರದಿದ್ದರೂ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ.

“ಇದಕ್ಕ ನಿಮ್ಮ ಫೋಟೋ ಇಲ್ಲಲ್ರಿ ಬಾಯಾರ.”

ಕೆಲಸದ ಅರ್ಜಿಗಳಿಗೆಂದು ವಿದ್ಯಾಶ್ರೀಯ ಪರ್ಸಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳಿದ್ದವು. ಅವಳು ಒಂದನ್ನು ತೆಗೆದು, “ಅನ್ನದ ಅಗಳು ಇದ್ರ ಕೊಡ್ರಿ” ಎಂದು ಕೇಳಿ, ಹಾಳೆಯ ಬಲಮೂಲೆಯಲ್ಲಿ ನೆಟ್ಟಗೆ ಅಂಟಿಸಿ, ಒಣಗಲೆಂದು ಬಿಸಿಲಿಗೆ ಹಿಡಿದಳು.